ಸೆಲ್ಫ್ ‘ಕಟ್’ ಅಂದು ಸುಮ್ಮನಾದರೆ ಬ್ಯಾಟರಿ ಅಂಗಡಿಗೆ ಓಡಬೇಡಿ

1996ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಮಳೆಗಾಲದ ಬೆಳಗ್ಗೆ ಕೀ ತಿರುಗಿಸಿದರೆ ‘ಕಟ್’ ಅಂತ ಒಂದೇ ಸದ್ದು. ಗ್ಯಾರೇಜಿನವರು ಹೊಸ ಬ್ಯಾಟರಿ ಕೂರಿಸಿದರು. ಎರಡು ದಿನ ಓಡಿ ಮತ್ತೆ ಅದೇ ಪಾಡು. ಸೆಲ್ಫ್ ಮೋಟಾರ್ ಬಿಚ್ಚಿ ಕಾರ್ಬನ್ ಬ್ರಶ್ ಹಾಕಿದರು. ಆಮೇಲೆ ಕ್ಲಚ್ ಕೇಬಲ್ ಹೊಗೆಯಾಡಿ ಹಿಡಿದುಕೊಂಡಿತು, ಅದನ್ನೂ ಬದಲಿಸಿದರು. ಕೊನೆಗೆ ನೋಡಿದರೆ, ಬ್ಯಾಟರಿ ನೆಗೆಟಿವ್‌ನಿಂದ ಗೇರ್‌ಬಾಕ್ಸಿಗೆ ಬರುವ ಅರ್ತ್ ವೈರಿನ (ಕರೆಂಟ್ ಬ್ಯಾಟರಿಗೆ ಮರಳುವ ವೈರ್) ತುದಿ ಬೋಲ್ಟಿನಡಿ ತುಕ್ಕು ಹಿಡಿದಿತ್ತು.

ಆ ಹೊಗೆಯಲ್ಲೇ ಉತ್ತರವಿತ್ತು. ಅರ್ತ್ ಸರಿಯಿಲ್ಲದಿದ್ದರೆ ಸೆಲ್ಫಿನ ಕರೆಂಟ್ ಬಾಡಿಗೂ ಎಂಜಿನ್ನಿಗೂ ನಡುವಿನ ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳಲ್ಲಿ ದಾರಿ ಹುಡುಕುತ್ತದೆ. ಅಷ್ಟು ತೆಳ್ಳನೆಯ ತಂತಿ ಕಾಯದೆ ಇನ್ನೇನು ಮಾಡೀತು!

ಹೆಡ್‌ಲೈಟ್ ಝಗ್ಗನೆ ಉರಿಯುತ್ತಿದೆ ಎಂದು ಮೋಸ ಹೋಗಬೇಡಿ. ಲೈಟಿಗೆ ಬೇಕಾದ್ದು ಹತ್ತು ಆಂಪ್ ಆಸುಪಾಸು, ಸೆಲ್ಫಿಗೆ ನೂರಕ್ಕೂ ಹೆಚ್ಚು. ತುಕ್ಕಿನ ಜಾಗದಲ್ಲಿ ಬರೀ 0.02 ಓಮ್ ತಡೆಯಿದ್ದರೂ ನೂರು ಆಂಪಿಗೆ 2 ವೋಲ್ಟ್ ಅಲ್ಲೇ ಕರಗಿತು.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಹತ್ತದಂತೆ ಪ್ಲಗ್ಗಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲಿನ ಪಾಸಿಟಿವ್ ಸಣ್ಣ ವೈರ್ ಬಿಚ್ಚಿ, ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಗೂಟಕ್ಕೇ (ಕ್ಲ್ಯಾಂಪಿಗಲ್ಲ), ಕೆಂಪು ಕಡ್ಡಿ ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು, ಇನ್ನೊಬ್ಬರಿಂದ ಮೂರು ಸೆಕೆಂಡ್ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಅರ್ತ್ ಚೆನ್ನಾಗಿದೆ, 0.5 ದಾಟಿದರೆ ಕಳ್ಳ ಸಿಕ್ಕ. ಅರ್ತ್ ಸರಿಯಿದ್ದೂ ಸೆಲ್ಫಿನ ಹೊತ್ತಿಗೆ ಬ್ಯಾಟರಿಯ ಎರಡು ಗೂಟಗಳ ನಡುವೆ 9.6ಕ್ಕಿಂತ ಕೆಳಗಿಳಿದರೆ, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ ಮತ್ತೆ ನೋಡಿ. ಆಗಲೂ ಇಳಿದರೆ ಮಾತ್ರ ಅದರ ಮೇಲೆ ಅನುಮಾನ.

ಮೀಟರ್ ಇಲ್ಲವೇ? ಜಂಪ್ ಕೇಬಲ್ ಒಂದನ್ನು ನೆಗೆಟಿವ್ ಗೂಟದಿಂದ ನೇರ ಎಂಜಿನ್ ಬ್ಲಾಕಿಗೆ ಕಚ್ಚಿಸಿ. ಸೆಲ್ಫ್ ತಿರುಗಿತೋ, ಬ್ಯಾಟರಿಗೆ ಕೊಡಬೇಕಿದ್ದ ದುಡ್ಡು ಉಳಿಯಿತು.

ರಿಪೇರಿಗೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ವೈರಿನ ಎರಡೂ ತುದಿ, ಅವು ಕೂರುವ ಜಾಗ, ಎಲ್ಲವನ್ನೂ ಲೋಹ ಹೊಳೆಯುವ ತನಕ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ವೈರಿನ ಎಳೆಗಳು ಹಸಿರುಗಟ್ಟಿದ್ದರೆ ಉಜ್ಜಿ ಫಲವಿಲ್ಲ, ಅಷ್ಟೇ ದಪ್ಪದ ಹೊಸದು ಹಾಕಿಸಿ.

ಸೆಲ್ಫ್ ಎಂದಿಗಿಂತ ಹಗುರವಾಗಿ, ಸರಸರ ತಿರುಗಿಯೂ ಎಂಜಿನ್ ಹತ್ತದಿದ್ದರೆ ರೋಗವೇ ಬೇರೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿ. ಒಳಗೆ ತಿರುಗಬೇಕಾದ ರೋಟರ್ ಅಲುಗದಿದ್ದರೆ, ಎಂಜಿನ್ನಿನ ತಿರುಗಾಟವನ್ನು ಅಲ್ಲಿಗೆ ಮುಟ್ಟಿಸುವ ಟೈಮಿಂಗ್ ಬೆಲ್ಟ್ ಮೇಲೆ ಮೊದಲ ಅನುಮಾನ. ಅಂಥ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲು, ಕಾರ್ಬ್ಯುರೇಟರಿಗೆ ಪೆಟ್ರೋಲ್ ಸುರಿಯಲು ಯಾರನ್ನೂ ಬಿಡಬೇಡಿ.