ಮಂಡಿ ಎಂಆರ್‌ಐ: ಬಿ.ಎಚ್. ರಸ್ತೆಯ ಸೆಂಟರ್‌ನಲ್ಲಿ ಚಿತ್ರ ಚೆನ್ನ, ರಿಪೋರ್ಟ್ ಅರೆಬರೆ

ತುಮಕೂರಿನಲ್ಲಿ ಮಂಡಿ ಸ್ಕ್ಯಾನ್ ಅಂದರೆ ಜನ ಮೊದಲು ರೇಟು ಕೇಳುತ್ತಾರೆ, ಆಮೇಲೆ ಎಷ್ಟು ಟೆಸ್ಲಾ (ಯಂತ್ರದ ಅಯಸ್ಕಾಂತ ಬಲದ ಅಳತೆ) ಅಂತ. ಬಿ.ಎಚ್. ರಸ್ತೆಯ ಈ ಸೆಂಟರ್‌ನದು 1.5 ಟೆಸ್ಲಾ. ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ), ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ) ನೋಡೋಕೆ ಧಾರಾಳ ಸಾಕು. 3 ಟೆಸ್ಲಾ ಬೇಕೆಂದು ಬೆಂಗಳೂರು ಬಸ್ ಹತ್ತಬೇಕಿಲ್ಲ. ಕೇಳಬೇಕಾದ್ದು ಕಾಯಿಲ್, ಅಂದರೆ ಮೈಯಿಂದ ಬರುವ ಸಿಗ್ನಲ್ ಹಿಡಿಯುವ ಸಾಧನದ ಬಗ್ಗೆ. ಮಂಡಿಯ ಸುತ್ತ ಕೂರುವ, ಮಂಡಿಗೆಂದೇ ಇರುವ ಕಾಯಿಲ್ ಇಲ್ಲಿದೆ. ಮೇಲೆ ಹಾಸುವ ಬಟ್ಟೆಯಂಥ ಕಾಯಿಲ್ ಹಾಕಿ ತೆಗೆದರೆ ಚಿತ್ರ ಅಷ್ಟು ಸ್ಪಷ್ಟವಾಗಿ ಬರದಿರಬಹುದು.

ಟೆಕ್ನಿಷಿಯನ್ ಕೆಲಸ ಬಲು ಅಚ್ಚುಕಟ್ಟು. ಕಾಲನ್ನು ಪೂರ್ತಿ ನೆಟ್ಟಗೆ ಚಾಚಿಸದೆ 10-15 ಡಿಗ್ರಿ ಮಡಿಸಿ, ಪಾದವನ್ನು ತುಸು ಹೊರಕ್ಕೆ ತಿರುಗಿಸಿ, ಸಂದಿಗೆ ಸ್ಪಾಂಜ್ ತುರುಕುತ್ತಾರೆ. ಹಾಗಿದ್ದರೆ ಎಸಿಎಲ್ (ಮಂಡಿಯೊಳಗೆ ಓರೆಯಾಗಿ ಹಾಯುವ ಮುಖ್ಯ ಲಿಗಮೆಂಟ್) ಉದ್ದಕ್ಕೂ ಕಾಣುತ್ತದೆ. 3 ಮಿ.ಮೀ. ದಪ್ಪದ ಸ್ಲೈಸ್ (ಪದರ ಪದರವಾಗಿ ತೆಗೆದ ಚಿತ್ರ), ಮೂರೂ ದಿಕ್ಕಿನಿಂದ ಪಿಡಿ ಫ್ಯಾಟ್-ಸ್ಯಾಟ್ (ಕೊಬ್ಬನ್ನು ಕಪ್ಪಾಗಿಸಿ ಪೆಟ್ಟು ಎದ್ದು ಕಾಣಿಸುವ ಚಿತ್ರ), ಜೊತೆಗೊಂದು ಟಿ1 (ಮೂಳೆಯ ರಚನೆ ತೋರಿಸುವ ಚಿತ್ರ): ಎಲ್ಲ ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಕೊಡುವ ಔಷಧಿ) ಚುಚ್ಚುವುದಿಲ್ಲ, ಮೆನಿಸ್ಕಸ್, ಲಿಗಮೆಂಟ್‌ಗೆ ಆದ ಪೆಟ್ಟು ನೋಡೋಕೆ ಅದು ಬೇಕೂ ಇಲ್ಲ. ಕಾಲು ಮುಂದಾಗಿ ಒಳಗೆ ಹೋಗುವುದರಿಂದ ತಲೆ ಬಹುಪಾಲು ಹೊರಗೇ ಇರುತ್ತದೆ, ಭಯಪಡುವವರಿಗೆ ಇಷ್ಟು ತಿಳಿದಿದ್ದರೆ ಸಾಕು. ಕಿವಿಗೆ ಮಾತ್ರ ಬರೀ ಹತ್ತಿ ಕೊಡುತ್ತಾರೆ. ಆ ಸದ್ದಿಗೆ ಅದು ಯಾವ ಮೂಲೆಗೂ ಸಾಲದು, ಇಯರ್‌ಪ್ಲಗ್ ಕೇಳಿ ಹಾಕಿಸಿಕೊಳ್ಳಿ.

ಸೊರಗಿರುವುದು ರಿಪೋರ್ಟ್. "ಮೀಡಿಯಲ್ ಮೆನಿಸ್ಕಸ್ ಗ್ರೇಡ್ 2 ಟೇರ್" (ಒಳಬದಿಯ ಮೆನಿಸ್ಕಸ್ ಹರಿದಿದೆ) ಅಂತ ಬರೆದುಕೊಟ್ಟರೆ ಮನೆಮಂದಿಯೆಲ್ಲ ಆಪರೇಷನ್ ಲೆಕ್ಕ ಹಾಕೋಕೆ ಶುರುಮಾಡುತ್ತಾರೆ. ಗ್ರೇಡ್ 2 ಅಂದರೆ ಬಿಳಿ ಗೆರೆ ಮೆನಿಸ್ಕಸ್‌ನ ಒಳಗೇ ನಿಂತಿದೆ, ಮೇಲ್ಮೈ ಮುಟ್ಟಿಲ್ಲ. ಅದನ್ನು ಹರಿದದ್ದು ಅನ್ನುವಂತಿಲ್ಲ. ಗೆರೆ ಮೇಲ್ಮೈ ತಲುಪಿರಬೇಕು, ಅದೂ ಎರಡು ಸ್ಲೈಸ್‌ಗಳಲ್ಲಾದರೂ ಕಾಣಬೇಕು. ಆಗ ಧೈರ್ಯವಾಗಿ ಟೇರ್ ಎಂದು ಬರೆಯಬಹುದು. ಹೊರಗಡೆಯ ಮೆನಿಸ್ಕಸ್‌ನ ಮುಂತುದಿಯಲ್ಲಂತೂ ಎರಡೂ ಮೆನಿಸ್ಕಸ್‌ಗಳನ್ನು ಜೋಡಿಸುವ ಅಡ್ಡ ಲಿಗಮೆಂಟ್ ಬಂದು ಕೂಡುವ ಜಾಗವೇ ಬಿರುಕಿನ ಹಾಗೆ ಮೋಸ ಮಾಡುತ್ತದೆ.

ಇನ್ನೊಂದು ಕೊರತೆ, ಮೆನಿಸ್ಕಸ್‌ನ ಹಿಂಬದಿಯ ಬೇರಿನ (ಅದು ಮೂಳೆಗೆ ಅಂಟಿಕೊಂಡಿರುವ ತುದಿ) ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮಧ್ಯವಯಸ್ಸು ದಾಟಿದವರು ಕುಕ್ಕರುಗಾಲಲ್ಲಿ ಕೂತು ಏಳುವಾಗ "ಟಕ್" ಅಂದು ನೋವು ಹಿಡಿದರೆ ಮೊದಲು ನೋಡಬೇಕಾದ್ದೇ ಅದನ್ನು. ಬೇರು ಕಿತ್ತರೆ ಮೆನಿಸ್ಕಸ್ ಬಿಗಿ ಕಳೆದುಕೊಂಡು ಪಕ್ಕಕ್ಕೆ ಜಾರುತ್ತದೆ, 3 ಮಿ.ಮೀ.ಗಿಂತ ಹೆಚ್ಚು ಹೊರಬಂದಿದ್ದರೆ ಅಳತೆ ಸಮೇತ ಬರೆಯಬೇಕು. ಕಬಡ್ಡಿ ಹುಡುಗರ ಎಸಿಎಲ್ ವಿಷಯದಲ್ಲಿ ಇವರು ಪರವಾಗಿಲ್ಲ: ಪೂರ್ತಿಯೋ ಅರೆಯೋ ಹೇಳುತ್ತಾರೆ, ತೊಡೆಮೂಳೆಯ ಹೊರಭಾಗ ಮತ್ತು ಮಂಡಿಯ ಕೆಳಗಿನ ಮೂಳೆಯ ಹಿಂಭಾಗ ಒಂದಕ್ಕೊಂದು ಬಡಿದು ಒಳಗೆ ಕಂದಿದ್ದನ್ನೂ ಗುರುತಿಸುತ್ತಾರೆ.

ಸ್ಕ್ಯಾನ್‌ಗೆ ಇಲ್ಲಿಗೇ ಹೋಗಿ. ಸ್ಕ್ಯಾನ್ ಬರೆಸುವಾಗ ಚೀಟಿಯಲ್ಲಿ ಪೆಟ್ಟು ಹೇಗಾಯಿತು, ಮಂಡಿ ಲಾಕ್ ಆಗುತ್ತಾ, ಮೊದಲು ಆಪರೇಷನ್ ಆಗಿದೆಯಾ ಎಂದು ಡಾಕ್ಟರ್ ಕೈಲಿ ನಮೂದು ಮಾಡಿಸಿ. ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ. ಮೂಳೆ ಡಾಕ್ಟರು ಸ್ಲೈಸ್‌ಗಳನ್ನು ಒಂದೊಂದಾಗಿ ತಾವೇ ನೋಡಿಕೊಳ್ಳುತ್ತಾರೆ.