ದೊಡ್ಡ ಕಂಪನಿ, ಸ್ಟಾರ್ಟಪ್: ಎರಡರಲ್ಲೂ ದುಡಿದು ನೋಡಿದ್ದು

ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಐಟಿ ಕಂಪನಿಯಲ್ಲಿ ಮೂರು ವರ್ಷ ಇದ್ದೆ. ಈಗ ಎಚ್‌ಎಸ್‌ಆರ್ ಲೇಔಟ್‌ನ ಸ್ಟಾರ್ಟಪ್‌ಗೆ ಸೇರಿ ಒಂದೂವರೆ ವರ್ಷ. ಇಲ್ಲಿ ನಲವತ್ತೇ ಜನ. ನನ್ನ ವಯಸ್ಸಿನವರು ಸೇರಿದಾಗೆಲ್ಲ ಕೇಳೋದು ಒಂದೇ: ಎಲ್ಲಿ ಚೆನ್ನಾಗಿದೆ?

ತಿಂಡಿ, ಕಾಫಿ, ಕ್ಯಾಬ್ ಎರಡೂ ಕಡೆ ಇವೆ. ಅದನ್ನು ನೋಡಿ ಯಾರೂ ಕೆಲಸ ಬದಲಾಯಿಸಬೇಡಿ. ಸ್ಟಾರ್ಟಪ್‌ನಲ್ಲಿ ಕೈಗೆ ಬರುವ ಸಂಬಳ ಜಾಸ್ತಿ. ಆದರೆ ಪಿಎಫ್ (ಭವಿಷ್ಯ ನಿಧಿ) ನೋಡಿ. ಹಳೇ ಕಂಪನಿ ಪೂರ್ತಿ ಬೇಸಿಕ್ (ಮೂಲ ಸಂಬಳ) ಮೇಲೆ 12% ಹಾಕುತ್ತಿತ್ತು. ಇಲ್ಲಿ 15,000 ರೂಪಾಯಿಗೆ ಮಾತ್ರ ಲೆಕ್ಕ, ಅಂದರೆ ತಿಂಗಳಿಗೆ 1,800. ಎರಡಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಆಫರ್ ಲೆಟರ್ ಬಂದಾಗಲೇ ಕೇಳಿಬಿಡಿ.

ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಮಾತ್ರ ಹಳೇ ಕಂಪನಿಗೆ ಸಾಟಿಯಿಲ್ಲ. ಅಪ್ಪ ಅಮ್ಮನನ್ನೂ ಸೇರಿಸಬಹುದಿತ್ತು. ಹಾಸನದಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಶನ್ ಆದಾಗ ಫೋನಿನಲ್ಲಿದ್ದ ಇ-ಕಾರ್ಡ್ ತೋರಿಸಿದೆ, ಸಂಜೆಯೊಳಗೆ ಕ್ಯಾಶ್‌ಲೆಸ್ ಒಪ್ಪಿಗೆ ಬಂತು, ಅಂದರೆ ಬಿಲ್ ಇನ್ಶೂರೆನ್ಸ್‌ನವರೇ ಕಟ್ಟುತ್ತಾರೆ. ಕಾಫಿ ಮಾರಿದ ದುಡ್ಡನ್ನು ಅಪ್ಪ ಟವೆಲ್‌ನಲ್ಲಿ ಸುತ್ತಿ ತಂದಿದ್ದರು. ಗಂಟು ಬಿಚ್ಚದೆ ಹಾಗೇ ಮನೆಗೆ ತೆಗೆದುಕೊಂಡು ಹೋದರು. ಸ್ಟಾರ್ಟಪ್‌ನಲ್ಲಿ ಇನ್ಶೂರೆನ್ಸ್ ನನಗೊಬ್ಬಳಿಗೇ.

ರಜೆ ವಿಷಯ ಪೂರ್ತಿ ಉಲ್ಟಾ. ಹಳೇ ಕಡೆ ಖಾತೆಯಲ್ಲಿ ರಜೆ ಬೇಕಾದಷ್ಟಿತ್ತು, ಕೇಳೋಕೆ ಹೆದರಿಕೆ. ಒಮ್ಮೆ ಗೌರಿ ಹಬ್ಬಕ್ಕೆ ತಿಂಗಳ ಮೊದಲೇ ಹಾಕಿದ್ದ ರಜೆ ಹಿಂದಿನ ರಾತ್ರಿ ರಿಜೆಕ್ಟ್ ಆಯಿತು. ಬ್ಯಾಗ್ ತುಂಬಿಸಿಟ್ಟಿದ್ದೆ. ಅಮ್ಮನಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿದ್ದು ಇನ್ನೂ ನೋವು ಕೊಡುತ್ತೆ. ಇಲ್ಲಿ ಒಂದು ಮೆಸೇಜ್ ಸಾಕು, 'ಹೋಗಿ ಬನ್ನಿ' ಅಂತಾರೆ. 2025ರಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೊಂದು ಸಂಬಳ ಸಹಿತ ಮುಟ್ಟಿನ ರಜೆಗೆ ಆದೇಶ ಮಾಡಿದಾಗ ನಮ್ಮ ಟೀಮ್ ಲೀಡ್ ಅಂದೇ ಹೇಳಿದರು: 'ಕಾರಣ ಬರೀಬೇಡಿ, ಸುಮ್ನೆ ಕ್ಯಾಲೆಂಡರ್‌ನಲ್ಲಿ ಹಾಕಿ.' ಹೊಟ್ಟೆನೋವು ಇಟ್ಟುಕೊಂಡು ಮೀಟಿಂಗ್‌ನಲ್ಲಿ ಕೂತಿದ್ದವರಿಗೆ ಅದರ ಬೆಲೆ ಗೊತ್ತು, ಅಲ್ವಾ?

ಹಾಗಂತ ಇಲ್ಲಿ ಎಲ್ಲ ಸುಖವಲ್ಲ. ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತೆ. ಆದರೆ ಕೆಲಸ ಬಿಡಬೇಕೆಂದರೆ ನೋಟಿಸ್ 30 ದಿನ ಸಾಕು. ಅಲ್ಲಿ 90 ಇತ್ತು.

ಮನೆಯಲ್ಲಿ ಕಾಯಿಲೆಯವರಿದ್ದರೆ ದೊಡ್ಡ ಕಂಪನಿ ಬಿಡಬೇಡಿ ಅಂತಲೇ ಹೇಳುತ್ತೇನೆ. ನಾನು ಸದ್ಯಕ್ಕೆ ಇಲ್ಲೇ ಇರುತ್ತೇನೆ. ಇನ್ಶೂರೆನ್ಸ್ ಪ್ರೀಮಿಯಂ ನಾವೇ ಕಟ್ಟುತ್ತೇವೆ, ಮುಂದಿನ ರಿನ್ಯೂವಲ್‌ನಲ್ಲಿ ಅಪ್ಪ ಅಮ್ಮನನ್ನು ಸೇರಿಸಿ ಅಂತ ಹನ್ನೊಂದು ಜನ ಸೇರಿ ಎಚ್‌ಆರ್‌ಗೆ ಮೇಲ್ ಕಳಿಸಿದ್ದೇವೆ. ಉತ್ತರಕ್ಕೆ ಕಾಯುತ್ತಿದ್ದೇವೆ.