ದುರ್ಗಿಗುಡಿಯ ಮಹಡಿ ಮೇಲಿನ ಡ್ರಾಯಿಂಗ್ ಕ್ಲಾಸು: ನಾಟಾ ಬರೆದ ಹುಡುಗಿಯ ಅಮ್ಮನ ಅನುಭವ

ನಾನು ಸಾಗರದಲ್ಲಿ ಬಟ್ಟೆ ಹೊಲಿಯುತ್ತೇನೆ. ಬ್ಲೌಸು, ಚೂಡಿದಾರ, ಜೂನ್ ಬಂದರೆ ಶಾಲೆ ಯೂನಿಫಾರಂ. ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಗ ಆರ್ಕಿಟೆಕ್ಚರ್ ಮಾಡುತ್ತೇನೆ ಎಂದಳು. ಅದಕ್ಕೆ ಇಂಜಿನಿಯರಿಂಗ್ ಹಾಗೆ ಸಿಇಟಿ ರ‍್ಯಾಂಕ್ ನಡೆಯುವುದಿಲ್ಲ, ಚಿತ್ರ ಬರೆಯುವುದೂ ಸೇರಿದ ನಾಟಾ ಅಂತ ಬೇರೆಯೇ ಪರೀಕ್ಷೆ ಇದೆ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಿವಮೊಗ್ಗದ ಕಡೆ ಇದಕ್ಕೆ ಯಾರು ಕಲಿಸುತ್ತಾರೆ ಎಂದು ಹುಡುಕಿ ಹುಡುಕಿ ಸಾಕಾಯಿತು. ನನ್ನ ಹಾಗೆ ಹುಡುಕುವ ಇನ್ನೊಬ್ಬ ತಾಯಿಗೆ ಸಿಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹಾಕಿದ್ದು ಒಂದು ಆನ್‌ಲೈನ್ ಕೋರ್ಸಿಗೆ, 18,000 ರೂಪಾಯಿ. ವಿಡಿಯೋಗಳು ಚೆನ್ನಾಗಿಯೇ ಇದ್ದವು. ಆದರೆ ಬರೆದ ಚಿತ್ರದ ಫೋಟೋ ತೆಗೆದು ಕಳಿಸಿದರೆ ಮೂರು ದಿನ ಬಿಟ್ಟು ‘ಗುಡ್, ಕೀಪ್ ಪ್ರಾಕ್ಟೀಸಿಂಗ್’ ಎಂದು ಉತ್ತರ. ಆರು ಚಿತ್ರಕ್ಕೂ ಅದೇ ಉತ್ತರ. ಆರನೆಯದರಲ್ಲಿ ಬಸ್ಸಿನ ಹಿಂದಿನ ಚಕ್ರ ನೆಲ ಮುಟ್ಟಿಯೇ ಇರಲಿಲ್ಲ, ಅದು ನನಗೇ ಕಾಣುತ್ತಿತ್ತು. ಬ್ಲೌಸಿನ ತೋಳು ಎಲ್ಲಿ ಬಿಗಿ, ಎಷ್ಟು ಬಿಗಿ ಎಂದು ನೋಡದೆ ಚೆನ್ನಾಗಿದೆ ಹೋಗಿ ಎಂದರೆ ನನ್ನ ಹತ್ತಿರ ಮತ್ತೆ ಯಾರು ಬರುತ್ತಾರೆ? ದುಡ್ಡು ವಾಪಸ್ ಕೇಳಿದೆವು, ಕೊಡಲಿಲ್ಲ.

ಕೊನೆಗೆ ಸಿಕ್ಕ ಡ್ರಾಯಿಂಗ್ ಮೇಷ್ಟ್ರ ವಿಷಯ ಹೇಳಿದವರು ಶಿವಮೊಗ್ಗ ದುರ್ಗಿಗುಡಿಯ ಸ್ಟೇಷನರಿ ಅಂಗಡಿಯವರು. ಚಿತ್ರ ಬರೆಯುವ ಕಾರ್ಟ್ರಿಜ್ ಶೀಟ್ ಕೊಳ್ಳಲು ಹೋಗಿದ್ದೆವು, ಯಾತಕ್ಕೆ ಎಂದು ಕೇಳಿದರು, ಹೇಳಿದೆ. ಈ ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಬೋರ್ಡು ಹಾಕಿಲ್ಲ, ಹೆಸರು ಬರೆಯುವುದು ಬೇಡ ಎಂದಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ. ಮನೆಯ ಮಹಡಿ ಮೇಲೆ ಉದ್ದನೆಯ ಒಂದು ಕೋಣೆ, ಮಂಗಳೂರು ಹೆಂಚು, ನಡುನಡುವೆ ನಾಲ್ಕು ಗಾಜಿನ ಹೆಂಚು. ಹನ್ನೊಂದು ಮಕ್ಕಳು, ಕೆಳಗೆ ಚಾಪೆ. ಭಾನುವಾರ ಬೆಳಿಗ್ಗೆ 10ರಿಂದ 1, ತಿಂಗಳಿಗೆ 2,000 ರೂಪಾಯಿ. ಆಗಸ್ಟಿನಲ್ಲಿ ಸೇರಿಸಿದೆ. ಮಳೆಗೆ ಎರಡು ಕಡೆ ಸೋರುತ್ತಿತ್ತು, ಬಕೆಟ್ ಇಟ್ಟಿದ್ದರು.

ಸಾಗರದಿಂದ ಆನಂದಪುರ, ಕುಂಸಿ, ಆಯನೂರು ದಾಟಿ ಬರಲು ಎರಡು ಗಂಟೆ ಹತ್ತಿರ. ಸರ್ಕಾರಿ ಬಸ್ಸು ಸಿಕ್ಕ ದಿನ ನಮ್ಮಿಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಕೈಹೊಲಿಗೆ ಕೆಲಸ ಚೀಲದಲ್ಲಿ ತಂದು, ಬಾಗಿಲ ಹತ್ತಿರ ಕೂತು ಹುಕ್ಕು ಹಾಕುತ್ತಾ ಮೂರು ಗಂಟೆ ಕಳೆಯುತ್ತಿದ್ದೆ. ಅದಕ್ಕೇ ಇಲ್ಲಿ ಬರೆಯುವುದೆಲ್ಲ ಕಣ್ಣಾರೆ ಕಂಡದ್ದು.

ಮೊದಲ ಭಾನುವಾರ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಚೊಂಬು ಇಟ್ಟರು. ಇವಳು ಬರೆದ ಚೊಂಬಿನ ಬಾಯಿ ಪೂರ್ತಿ ದುಂಡಗೆ, ತಳ ಗೆರೆ ಎಳೆದ ಹಾಗೆ ಸಪಾಟು. ಅಳಿಸಲು ಹೋದಾಗ ಮೇಷ್ಟ್ರು ರಬ್ಬರ್ ತೆಗೆದಿಟ್ಟುಕೊಂಡರು.

“ಬಾಯಿ ಇಷ್ಟು ದುಂಡಗೆ ಕಾಣಬೇಕಾದರೆ ನೀನು ಎಲ್ಲಿರಬೇಕು?”

“ಮೇಲಿಂದ ಬಗ್ಗಿ ನೋಡಬೇಕು ಸಾರ್.”

“ತಳ ಹೀಗೆ ಸಪಾಟಾಗಿ ಕಾಣಬೇಕಾದರೆ?”

“ತಳದ ಮಟ್ಟಕ್ಕೇ ಕಣ್ಣಿಡಬೇಕು.”

“ಎರಡು ಕಡೆ ಒಟ್ಟಿಗೆ ಹೇಗಿರ್ತೀಯ ಮಗಾ?”

ಆಮೇಲೆ ಚೊಂಬನ್ನು ಎತ್ತಿ ಅವಳ ಕಣ್ಣಿನ ಮಟ್ಟಕ್ಕೆ ಹಿಡಿದರು. ಬಾಯಿ ಬರೀ ಒಂದು ಗೆರೆಯಾಗಿ ಕಂಡಿತು. ನಿಧಾನಕ್ಕೆ ಕೆಳಗಿಳಿಸಿದರು, ಗೆರೆ ತೆರೆದುಕೊಂಡು ಮೊಟ್ಟೆಯಾಕಾರ ಆಯಿತು. ಇನ್ನೂ ಇಳಿಸಿದಂತೆ ಅಗಲವಾಗುತ್ತಾ ಹೋಯಿತು. ಬಾಯಿಗಿಂತ ತಳ ಕಣ್ಣಿನಿಂದ ಕೆಳಗಿದೆ, ಹಾಗಾಗಿ ತಳದ ಬಾಗು ಇನ್ನೂ ಹೆಚ್ಚಿರಬೇಕು. ಇಷ್ಟೇ ವಿಷಯ, ಆದರೆ ಆ ತಿಂಗಳು ಇವಳು ಅದೇ ಚೊಂಬನ್ನು ಹದಿನೇಳು ಸಲ ಬರೆದಳು. ಮನೆಯಲ್ಲಿ ಚಹಾ ಲೋಟ, ಬಾವಿಯ ರಾಟೆ, ನನ್ನ ಮಷೀನಿನ ಚಕ್ರ ಯಾವುದನ್ನೂ ಬಿಡಲಿಲ್ಲ. ಬಸ್ಸಿನ ಚಕ್ರ ತಾನಾಗಿ ನೆಲಕ್ಕೆ ಕೂತಿತು.

ನವೆಂಬರಿನಲ್ಲಿ ಮಕ್ಕಳನ್ನು ಶಿವಪ್ಪ ನಾಯಕನ ಅರಮನೆಗೆ ಕರೆದುಕೊಂಡು ಹೋದರು. ಅಲ್ಲಿಯ ಮರದ ಕಂಬಗಳ ಸಾಲನ್ನು ನಿಂತೇ ಬರೆಯಬೇಕು, 20 ನಿಮಿಷ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ಹತ್ತಿರದ ಕಂಬ ಎಷ್ಟು, ದೂರದ್ದು ಎಷ್ಟು ಎಂದು ಅಳೆಯುವುದನ್ನು ಅಲ್ಲೇ ಕಲಿಸಿದ್ದು. ನಾನೂ ಒಂದು ಸಲ ಹಿಡಿದು ನೋಡಿದೆ. ಇಪ್ಪತ್ತು ವರ್ಷ ಟೇಪು ಹಿಡಿದ ಕೈ ನನ್ನದು, ಆದರೂ ದೂರದ ಕಂಬ ಹತ್ತಿರದ್ದರ ಅರ್ಧದಷ್ಟೂ ಕಾಣುವುದಿಲ್ಲ ಎಂದು ನಂಬುವುದಕ್ಕೆ ಎರಡು ಸಲ ಅಳೆಯಬೇಕಾಯಿತು. ಆಮೇಲೆ ಇವಳು ತಾನೇ ಇಕ್ಕೇರಿಗೆ ಹೋಗಿ ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿ ಮಂಟಪದ ಕಮಾನುಗಳನ್ನು ಬರೆಯತೊಡಗಿದಳು. ಹುಟ್ಟಿದಾಗಿನಿಂದ ನೋಡಿದ ದೇವಸ್ಥಾನ ಅದು.

ನನಗೆ ತುಂಬಾ ಬೇಕಾದ ಸಂಗತಿ ಒಂದಿದೆ. ಮನೆಯಿಂದ ಕೈಯಲ್ಲಿ ಮಾಡಿದ ಒಂದು ವಸ್ತು ತನ್ನಿ ಎಂದಿದ್ದರು. ಭೂಮಿ ಹುಣ್ಣಿಮೆ ಮುಗಿದು ಸ್ವಲ್ಪ ದಿನವಾಗಿತ್ತು, ಇವಳು ನನ್ನ ಅಮ್ಮ ಚಿತ್ತಾರ ಬರೆದ, ಆ ಹಬ್ಬಕ್ಕೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ತಂದಳು. ನಾವು ದೀವರು. ನಮ್ಮಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ, ಹುಣ್ಣಿಮೆಗೆ ಬುಟ್ಟಿಯ ಮೇಲೆ. ಅಕ್ಕಿ ಅರೆದ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ, ಸ್ಕೇಲಿಲ್ಲ. ಮೇಷ್ಟ್ರು ಬುಟ್ಟಿಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ತಿರುಗಿಸಿದರು. “ನೋಡ್ರೋ, ಬುಟ್ಟಿ ಬಾಗಿದ ಕಡೆ ಗೆರೆ ಹೇಗೆ ಹತ್ತಿರ ಹತ್ತಿರ ತಂದಿದ್ದಾರೆ. ಎಲ್ಲಿ ತುಂಬಬೇಕು, ಎಲ್ಲಿ ಖಾಲಿ ಬಿಡಬೇಕು ಅಂತ ಈ ಅಮ್ಮನಿಗೆ ಗೊತ್ತು. ಕಾಂಪೊಸಿಷನ್ ಅಂದರೆ ಇದೇ,” ಎಂದರು. ಊರಿಗೆ ಹೋಗಿ ಹೇಳಿದರೆ ನನ್ನ ಅಮ್ಮ, “ಎಂತಕ್ಕೆ ಹೊಗಳ್ತಾರೆ, ಎಲ್ಲರೂ ಬರೀತಾರಲ್ಲ,” ಎಂದಳು. ಆದರೆ ಆವತ್ತಿನಿಂದ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗೆರೆ ಹಾಕಿಸತೊಡಗಿದಳು.

ಇದು ಪರೀಕ್ಷೆಯಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. ಇವಳು ಬರೆದದ್ದು 2025ರ ನಾಟಾ, ಒಟ್ಟು 200 ಅಂಕ. ಅದರಲ್ಲಿ 80 ಅಂಕಕ್ಕೆ ಕೈಯಲ್ಲೇ ಮಾಡುವ ಭಾಗ, 90 ನಿಮಿಷ: ಬಣ್ಣದ ಕಾಂಪೊಸಿಷನ್ 25, ಕಪ್ಪುಬಿಳುಪು ಸ್ಕೆಚ್ 25, ಅವರೇ ಕೊಡುವ ಸಾಮಾನಿನಲ್ಲಿ ತ್ರೀಡಿ ಮಾದರಿ ಕಟ್ಟುವುದಕ್ಕೆ 30. ಬಣ್ಣದ ಪ್ರಶ್ನೆಗೆ ಅಜ್ಜಿಯ ನಾಲ್ಕು ಬಣ್ಣ ಬಿಟ್ಟು ಬೇರೆ ಮುಟ್ಟಲಿಲ್ಲವಂತೆ.

ಈ ಕ್ಲಾಸಿನಲ್ಲಿ ಕಡಿಮೆ ಬಿದ್ದದ್ದನ್ನೂ ಹೇಳಬೇಕು. ತ್ರೀಡಿ ಮಾದರಿಯನ್ನು ಮೇಷ್ಟ್ರು ಕೊನೆಯ ಮೂರು ವಾರಕ್ಕೆ ಇಟ್ಟುಕೊಂಡರು. 30 ಅಂಕದ ಪ್ರಶ್ನೆಗೆ ಅದು ಏನೇನೂ ಸಾಲದು. ಇವಳ ಕೈಯಲ್ಲಿ ಕಾರ್ಡ್‌ಶೀಟ್ ನಿಲ್ಲುತ್ತಲೇ ಇರಲಿಲ್ಲ. ಒಂದು ರಾತ್ರಿ ನಾನೇ ಕೂತು ತೋರಿಸಿದೆ: ಚಪ್ಪಟೆ ಬಟ್ಟೆಗೆ ಡಾರ್ಟ್, ಅಂದರೆ ಚೂಪಾದ ಮಡಿಕೆ, ಹಿಡಿದರೆ ಅದು ಉಬ್ಬಿ ಮೈಗೆ ಕೂರುತ್ತದಲ್ಲ, ಶೀಟಿಗೂ ಅಂಚಿನಿಂದ ಒಳಗೆ ಸೀಳಿ, ಒಂದರ ಮೇಲೊಂದು ಎಳೆದು ಸಿಕ್ಕಿಸು, ಎದ್ದು ನಿಲ್ಲುತ್ತದೆ. ನಿಂತಿತು. ಮರುವಾರ ಕ್ಲಾಸಿನಲ್ಲಿ ಉಳಿದ ಮಕ್ಕಳಿಗೂ ನನ್ನಿಂದಲೇ ಹೇಳಿಸಿದರು.

ಇನ್ನು ಕಂಪ್ಯೂಟರಿನಲ್ಲಿ ಉತ್ತರಿಸುವ 120 ಅಂಕದ ಭಾಗ. 50 ಪ್ರಶ್ನೆ, ಒಂದೊಂದಕ್ಕೆ 108 ಸೆಕೆಂಡು. ಇದಕ್ಕೆ ಇಲ್ಲಿ ತಯಾರಿ ಇಲ್ಲವೆಂದೇ ಹೇಳಬೇಕು. ಗಣಿತಕ್ಕೆ ಕಾಲೇಜಿನ ಪಾಠ, ಆಕೃತಿ ತಿರುಗಿಸಿ ನೋಡುವ ಪ್ರಶ್ನೆಗೆ ಪುಸ್ತಕ. ಕಟ್ಟಡಗಳ ಬಗ್ಗೆ ಇವಳೇ ಒಂದು ನೋಟ್‌ಬುಕ್ ಮಾಡಿಕೊಂಡಳು. ಬೆಂಗಳೂರಿನ ಐಐಎಂ ಕಟ್ಟಿದ ಬಿ.ವಿ. ದೋಶಿಯವರಿಗೆ 2018ರಲ್ಲಿ ಆರ್ಕಿಟೆಕ್ಟರಿಗೆ ಕೊಡುವ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು ಎಂಬುದೆಲ್ಲ ನನಗೂ ಬಾಯಿಪಾಠ ಆಗಿದೆ. ಎನ್‌ಐಟಿ ಕಡೆ ಮನಸ್ಸಿದ್ದರೆ ಜೆಇಇ ಮೇನ್‌ನ ಆರ್ಕಿಟೆಕ್ಚರ್ (ಬಿ.ಆರ್ಕ್) ಪೇಪರ್ ಬೇರೆ ಬರೆಯಬೇಕು, ಅದರಲ್ಲಿ 400ಕ್ಕೆ 100 ಅಂಕ ಡ್ರಾಯಿಂಗ್.

ನಾಟಾದಲ್ಲಿ ಇವಳಿಗೆ ಮೊದಲ ಸಲ 104 ಬಂತು, ಎರಡನೇ ಸಲ 127. 2025ರಲ್ಲಿ ಒಂದು ವರ್ಷಕ್ಕೆ ಮೂರು ಸಲ ಬರೆಯಬಹುದಿತ್ತು, ಅದು ಗೊತ್ತಿದ್ದರೆ ಮೊದಲ ಸಲ ಅಳುವುದು ತಪ್ಪುತ್ತಿತ್ತು. ನಮ್ಮ ರಾಜ್ಯದಲ್ಲಿ ಸೀಟು ಹಂಚುವ ಕೆಇಎ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ನಾಟಾ ಅರ್ಧ. ಹಾಗಾಗಿ ಚಿತ್ರದ ಹುಚ್ಚಿನಲ್ಲಿ ಪಿಯುಸಿ ಬಿಡಿಸಬೇಡಿ. ಫೆಬ್ರವರಿಯಲ್ಲಿ ನಾವು ಮೂರು ಭಾನುವಾರ ತಪ್ಪಿಸಿದೆವು, ಮೇಷ್ಟ್ರು ಆ ತಿಂಗಳ ಫೀಸನ್ನೇ ತೆಗೆದುಕೊಳ್ಳಲಿಲ್ಲ. ಈಗ ಬೆಂಗಳೂರಿನಲ್ಲಿ ಸರ್ಕಾರಿ ಕೋಟಾದ ಸೀಟಿನಲ್ಲಿ ಓದುತ್ತಿದ್ದಾಳೆ, ಐದು ವರ್ಷದ ಕೋರ್ಸು.

ಸೇರಿಸುವುದಾದರೆ ಪ್ರಥಮ ಪಿಯುಸಿ ಮುಗಿದ ಬೇಸಿಗೆಯಲ್ಲೇ ಸೇರಿಸಿ, ನಾವು ಆಗಸ್ಟಿಗೆ ಬಂದದ್ದು ತಡವೇ ಆಯಿತು. ತ್ರೀಡಿ ಮೊದಲಿನಿಂದಲೇ ಮಾಡಿಸಿ ಎಂದು ಬಾಯಿಬಿಟ್ಟು ಕೇಳಿ, ಮೇಷ್ಟ್ರು ಬೇಜಾರು ಮಾಡಿಕೊಳ್ಳುವವರಲ್ಲ. ಮೆಟ್ಟಿಲು ಕಡಿದು, ವಯಸ್ಸಾದವರು ಹತ್ತುವುದು ಕಷ್ಟ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲು, ಕ್ಲಿಪ್ಪಿರುವ ರಟ್ಟು, ಒಂದು ಬಾಟಲಿ ನೀರು ಕೊಟ್ಟು ಕಳಿಸಿ. ರಬ್ಬರ್ ಬೇಡ. ಇವಳದ್ದು ಇನ್ನೂ ಅವರ ಕಿಟಕಿಯ ಮೇಲೆಯೇ ಇದೆ.